ಅಪ್ಪನ ಕಾರಿನ ಸ್ಟೀರಿಯೊ

ಅಪ್ಪಾ,

ನೀವು ತೀರಿಕೊಂಡ ಮೇಲೂ ನಿಮ್ಮ ಕಾರನ್ನು ನಾನೇ ನೋಡಿಕೊಂಡೆ. ನೀವು ಕಲಿಸಿದ ಹಾಗೆಯೇ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಕ್ಯಾಸೆಟ್ ಸ್ಟೀರಿಯೊದೊಳಗೆ ಟೇಪು ತಾಗುವ ಹೆಡ್ ಒರೆಸುತ್ತಿದ್ದೆ, ಸನ್‌ರೂಫ್ ಸಿಕ್ಕಿಕೊಳ್ಳದಂತೆ ಗ್ರೀಸ್ ಹಚ್ಚುತ್ತಿದ್ದೆ.

ಇವತ್ತು ಬೆಳಿಗ್ಗೆ ಅಣ್ಣ ಅತ್ತಿಗೆಯನ್ನು ಕಾರಿಗೆ ಹತ್ತಿಸಿಕೊಂಡ. ಕಾರು ಶೆಡ್ಡಿನಿಂದ ಹೊರಡಲಿಲ್ಲ. ಸನ್‌ರೂಫ್ ಸದ್ದಿಲ್ಲದೆ ಮುಚ್ಚಿಕೊಂಡಿತು, ಹಾಡು ಜೋರಾಯಿತು. ಅಮ್ಮನಿಗೆ ಹೊಡೆಯುವ ಮುಂಚೆ ನೀವೂ ಹೀಗೆಯೇ ಮಾಡುತ್ತಿದ್ದಿರಿ. ಹಿಂದಿನ ಸೀಟಿನಲ್ಲಿ ನಾನಿರುತ್ತಿದ್ದೆ.

ಚಕ್ರ ಬಿಚ್ಚುವ ಸ್ಪ್ಯಾನರ್ ಎತ್ತಿಕೊಂಡು ಹೋಗಿ ಅಣ್ಣನ ಕಡೆಯ ಬಾಗಿಲು ತೆರೆದೆ. ಅತ್ತಿಗೆಯ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿದಿತ್ತು. ಅವನ ಮುಷ್ಟಿ ಇನ್ನೂ ಮೇಲೆಯೇ ಇತ್ತು.

“ಗಂಡ ಹೆಂಡ್ತಿ ಮಧ್ಯೆ ನಿಂಗೇನು ಕೆಲ್ಸ? ಹೋಗಾಚೆ!” ಎಂದ.

ಮೊದಲ ಏಟಿಗೆ ಅವನ ಮೊಣಕೈ ಮೂಳೆ ಲಟಕ್ಕೆಂದಿತು. ಉಳಿದ ಏಟುಗಳೆಲ್ಲ ಸ್ಟೀರಿಯೊಗೆ. ಟೇಪು ಕರುಳಿನ ಹಾಗೆ ಹೊರಗೆ ಬಂದು ಹಾಡು ನಿಲ್ಲುವವರೆಗೂ ಹೊಡೆದೆ. ಆಮೇಲೆ ಅವನ ಅರಚಾಟ ಬೀದಿಗೆಲ್ಲ ಕೇಳಿಸಿತು.

ಅತ್ತಿಗೆ ನನ್ನ ಕೋಣೆಯಲ್ಲಿದ್ದಾರೆ. ಅವರ ತುಟಿಗೆ ಐಸ್ ಒತ್ತುತ್ತ ಅಮ್ಮ ನನ್ನನ್ನೇ ದಿಟ್ಟಿಸಿ ನೋಡಿದಳು.

“ನಿಂಗೆ ಇಷ್ಟು ಶಕ್ತಿ ಯಾವಾಗಿಂದ ಇತ್ತೇ?”

ನಾನು ಸ್ಪ್ಯಾನರ್ ತೊಳೆಯಲು ಹೋದೆ.