ಕವಲುತೋಕೆ ಕೂಗಿದ್ದು ಯಾರನ್ನು

ವೆರ್ಬಿವ್ಕಾ, ಪೊಡಿಲ್ಯಾ
ಜನವರಿ ೧೪, ಬೆಳಗಿನ ಹೊತ್ತು

ಪ್ರೀತಿಯ ತಿಮಿಶ್,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಉಣ್ಣೆಯ ಕಾಲುಚೀಲ ತಲುಪಿದ್ದರೆ ನೀನೇ ಹಾಕಿಕೋ, ಹೋದ ಸಲದ ಹಾಗೆ ಕಂಡವರಿಗೆಲ್ಲ ಹಂಚಬೇಡ. ಇಲ್ಲಿ ನಾವು ಕ್ಷೇಮ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ, ಬಾಯಿಯೂ ಇದ್ದಂತೆಯೇ ಇದೆ. ಕರೆಂಟು ದಿನಕ್ಕೆ ನಾಲ್ಕು ಗಂಟೆ ಬರುತ್ತದೆ, ಅಷ್ಟರಲ್ಲಿ ನೀರು, ಒಗೆತ, ಫೋನಿನ ಚಾರ್ಜು ಎಲ್ಲ ಮುಗಿಸಿಕೊಳ್ಳುತ್ತೇವೆ. ಯುದ್ಧಭೂಮಿಗೆ, ನಿಮ್ಮ ಕಡೆಗೆ ಹೊರಡುವ ವ್ಯಾನು ಹತ್ತು ಗಂಟೆಗೆ ಶಾಲೆಯ ಮುಂದೆ ನಿಲ್ಲುತ್ತದಂತೆ, ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು.

ನಿನ್ನ ಪತ್ರ ಓದಿ ನಕ್ಕೆ. ನಿಮ್ಮ ಜೊತೆಗಿರುವ ಡೆನ್ಮಾರ್ಕಿನ ಮೊಗೆನ್ಸ್ ಫೋನಿನಲ್ಲಿ ನಮ್ಮ ಹೊಸ ವರ್ಷದ ಕವಲುತೋಕೆ ಹಾಡು ಹಾಕಿ, ಇದು ನಮ್ಮ ಕ್ರಿಸ್‌ಮಸ್ ಗಂಟೆಗಳ ಹಾಡು ಎಂದನಂತೆ. ನೀನು ಎದೆ ಸೆಟೆಸಿ, 'ಲೋ, ಇದು ನಮ್ಮಜ್ಜಿ ಹಾಡು, ಇದ್ರಲ್ಲಿ ಗಂಟೇನೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ, ಇರೋದು ಒಂದು ಹಕ್ಕಿ' ಎಂದೆಯಂತೆ. ಅವನು 'ಹಿಮದಲ್ಲಿ ಕವಲುತೋಕೆ ಎಲ್ಲಿಂದ ಬರುತ್ತೆ?' ಎಂದು ಕೇಳಿದಾಗ ಬಾಯಿಗೆ ಬೀಗ ಬಿತ್ತಂತೆ! ಎರಡು ಸಾಲಿನಾಚೆ ಹಾಡು ನೆನಪಿಲ್ಲದವನು ವಾದಕ್ಕೆ ಯಾಕೆ ಇಳಿದೆಯೋ. ನಾನೇನು ಮಹಾ? ನನಗೂ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಮೊನ್ನೆ ಪ್ರಿಸ್ಕಾ ಅಜ್ಜಿಯ ಮನೆಗೆ ಹೋದೆ. ಊರಿನ ಹಾಡುಗಳೆಲ್ಲ ಆಕೆಯ ತಲೆಯಲ್ಲೇ ತಾನೇ ಇರುವುದು. ಪಾದ್ರಿ ಪಂಚಾಂಗ ಬದಲಿಸಿ ಹಬ್ಬವನ್ನು ಡಿಸೆಂಬರಿಗೆ ತಂದರೂ ಅಜ್ಜಿ ಮಾತ್ರ ಹುಡುಗಿಯರಿಂದ ಮನೆಮನೆಯ ಮುಂದೆ ಈ ಹಾಡು ಹಾಡಿಸುವ ತನ್ನ ಜನವರಿ ಹದಿಮೂರನ್ನು ಬಿಟ್ಟುಕೊಟ್ಟಿಲ್ಲ, ಅವಳಿಂದಾಗಿ ಊರೂ ಬಿಟ್ಟಿಲ್ಲ.

'ಹಕ್ಕಿ ಚಳೀಲಿ ಬಂದಿಲ್ವೇ ಹುಡ್ಗಿ, ಹಬ್ಬಾನೇ ಚಳಿಗೆ ಬಂದಿರೋದು' ಎಂದಳು ಅಜ್ಜಿ. ನಮ್ಮವರು ಶಿಲುಬೆ ಕಾಣುವುದಕ್ಕೂ ಮುಂಚೆ ಹೊಸ ವರ್ಷ ವಸಂತದಲ್ಲಿ ಹುಟ್ಟುತ್ತಿತ್ತಂತೆ. ಹಿಮ ಕರಗುವ ಹೊತ್ತಿಗೆ ಕವಲುತೋಕೆ ಮನೆಯ ಸೂರಿಗೆ ಬರುತ್ತಿತ್ತು, ಕೊಟ್ಟಿಗೆಯಲ್ಲಿ ಕುರಿಗಳು ಈಯುತ್ತಿದ್ದವು. ಹಕ್ಕಿ ಚಿಲಿಪಿಲಿಗುಟ್ಟಿ ಯಜಮಾನನನ್ನು ಹೊರಗೆ ಕರೆದು, ಮರಿ ಹುಟ್ಟಿದೆ ನೋಡು, ಈ ವರ್ಷ ನಿನಗೆ ಒಳ್ಳೆಯದಾಗುತ್ತದೆ ಎಂದು ಹೇಳುತ್ತಿತ್ತು. ಆಮೇಲೆ ದೊಡ್ಡವರು ಯಾರೋ ಹೊಸ ವರ್ಷವನ್ನು ಎತ್ತಿ ಚಳಿಗಾಲದಲ್ಲಿಟ್ಟರು, ಹಾಡು ಹಕ್ಕಿಯನ್ನೂ ಮರಿಯನ್ನೂ ಹೊತ್ತುಕೊಂಡೇ ಹಿಮದೊಳಕ್ಕೆ ಬಂತು. ನೂರು ವರ್ಷದ ಹಿಂದೆ ನಮ್ಮ ಸೀಮೆಯ ಮೇಷ್ಟ್ರೊಬ್ಬರು ಆ ಹಾಡಿನ ನಾಲ್ಕೇ ಸ್ವರಗಳನ್ನು ಮೇಳಕ್ಕೆ ಹೊಂದಿಸಿದರು, ಹಾಡುಗಾರರು ಅದನ್ನು ಕಡಲಾಚೆಗೆ ಒಯ್ದರು, ಅಲ್ಲಿಯವರಿಗೆ ಅದರಲ್ಲಿ ಗಂಟೆ ಕೇಳಿಸಿತು. ಕೇಳಿಸಲಿ ಬಿಡು. ಆದರೆ ಹಕ್ಕಿ ಮೊದಲು ಬಂದದ್ದು ನಮ್ಮ ಬಾಗಿಲಿಗೆ ಎಂದು ಮೊಗೆನ್ಸನಿಗೆ ಹೇಳು. ಪೂರ್ತಿ ಹಾಡನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಬಾಯಿಪಾಠ ಮಾಡಿಕೋ.

ಇಷ್ಟಾದ ಮೇಲೆ ನಾನು ಅಜ್ಜಿಯನ್ನು ಕೇಳಿದೆ, ಈ ಸಲ ನಮ್ಮ ಮನೆ ಮುಂದೆಯೂ ಹಾಡಿಸುತ್ತೀಯಾ ಎಂದು. ಅಜ್ಜಿ ಗಸಗಸೆ ಅರೆಯುವ ಕೈ ನಿಲ್ಲಿಸಿದಳು. ನಿನಗೂ ಗೊತ್ತು, ಯುದ್ಧದ ಮೊದಲ ಚಳಿಗಾಲದಲ್ಲಿ ಓರಿಸ್ಯಾಳ ಬಾಗಿಲಲ್ಲಿ ಹಾಡಿದ ಮೂರನೆಯ ದಿನ ಅವಳ ಗಂಡನ ಸಾವಿನ ಸುದ್ದಿ ಬಂತು. ಅಂದಿನಿಂದ ಗಂಡಸರು ಯುದ್ಧಕ್ಕೆ ಹೋದ ಮನೆಗಳನ್ನು ಹುಡುಗಿಯರು ದಾಟಿಕೊಂಡು ಹೋಗುತ್ತಾರೆ. ಹದಿನಾಲ್ಕು ಮನೆ, ತಿಮಿಶ್. ಅಜ್ಜಿ ಹೇಳಿದ್ದು ಹೀಗೆ: 'ಗೇಟಲ್ಲಿ ನಿಂತು ಹಾಡ್ಬೋದಾ ಅಂತ ಕೇಳ್ಬೇಕು. ಒಳಗಿಂದ ಯಜಮಾನ ಹಾಡಿ ಅನ್ಬೇಕು. ಅವ್ನೇ ಇಲ್ಲ ಅಂದ್ರೆ ಅಪ್ಪಣೆ ಕೊಡೋರ್ಯಾರು? ಇಲ್ದಿರೋನ್ನ ಹೊರಕ್ಕೆ ಕರೆದ್ರೆ, ಎಲ್ಲಿಂದ ಹೊರಕ್ಕೆ ಬರ್ತಾನೆ ಯೋಚ್ನೆ ಮಾಡು.' ಸುಳ್ಳು ಯಾಕೆ ಹೇಳಲಿ, ಹೆದರಿದೆ. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರದೂ ಅದೇ ಮಾತು: 'ನನ್ನ ಮಗನ್ನ ಅಲ್ಲಿಂದ ಎಬ್ಬಿಸ್ಬೇಡ ತಾಯಿ. ನಿನ್ನೆ ಚಿಲಕ ಹಾಕ್ಕೊಂಡಿರ್ತೀನಿ ಅಂತ ಬೇಕಾದ್ರೆ ಇವತ್ತೇ ಹೇಳ್ತೀನಿ.' ಗಾಬರಿಯಲ್ಲಿ ನಾಳೆಗೆ ನಿನ್ನೆ ಎಂದುಬಿಟ್ಟರು, ಇಬ್ಬರಿಗೂ ನಗು ಬರಲಿಲ್ಲ.

ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಈ ವರ್ಷ ನಮ್ಮ ಬಾಗಿಲನ್ನು ಯಾರೂ ದಾಟಿಹೋಗಕೂಡದು. ನನಗೆ ಕಾರಣವಿತ್ತು. ನಿನ್ನೆ ಬೆಳಿಗ್ಗೆ ಎದ್ದು ಸೀದಾ ಓರಿಸ್ಯಾಳ ಮನೆಗೆ ಹೋದೆ. ನೋಯಿಸುತ್ತೇನೇನೋ ಎಂದು ತಡವರಿಸುತ್ತಲೇ, ಹಾಡಲು ಬರುತ್ತೀಯಾ ಎಂದು ಕೇಳಿದೆ. ಅವಳು ಬ್ರೆಡ್ಡಿನ ಹಿಟ್ಟು ನಾದುತ್ತಲೇ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: 'ಹಾಡಿದ್ದಕ್ಕೆ ಅವ್ರು ಹೋಗ್ಲಿಲ್ಲ ಕಣೇ ಮೊತ್ರಿಯಾ. ಹಾಡೋ ಹೊತ್ತಿಗೇ ಹೋಗಿ ಐದು ದಿನ ಆಗಿತ್ತು, ಸೈನ್ಯದ ಕಾಗದದಲ್ಲಿ ತಾರೀಖಿದೆ. ಆವತ್ತು ಸಂಜೆ ನಾನು ಖುಷಿಯಾಗಿದ್ದೆ. ಅದೇ ಕೊನೇ ಖುಷಿ. ಆಮೇಲೆ ಎರಡು ವರ್ಷ ನನ್ನ ಗೇಟಿನ ಹತ್ರ ಯಾರೂ ಬರ್ಲಿಲ್ಲ, ನನಗೇನೋ ಅಂಟುರೋಗ ಬಂದಿರೋ ಹಾಗೆ. ನಡಿ, ಕೆಳಗಿನ ದನಿ ನಾನು ಹಿಡಿತೀನಿ.'

ಆ ತಾರೀಖನ್ನು ಈ ಊರಿನಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನನ್ನ ಮೇಲೆ ನನಗೇ ಸಿಟ್ಟು ಬಂತು. ಓರಿಸ್ಯಾ ಕಾಗದವನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಬಂದು ಪ್ರಿಸ್ಕಾ ಅಜ್ಜಿಯ ಮುಂದಿಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡಳು. ಆಮೇಲೆ ಎದ್ದು ಶಾಲು ಹುಡುಕಿದಳು.

ಸಂಜೆ ನಾಲ್ಕೂವರೆಗೆ ಹೊರಟೆವು. ಐದು ಹುಡುಗಿಯರು, ಓರಿಸ್ಯಾ, ನಾನು, ಮುಂದೆ ಕೋಲೂರಿಕೊಂಡು ಅಜ್ಜಿ. ಮೊದಲು ಹೋದದ್ದು ಓರಿಸ್ಯಾಳ ಮನೆಗೇ. ಗೇಟಿನಲ್ಲಿ ನಿಂತು ಹಾಡಬಹುದಾ ಎಂದು ಕೇಳಿದೆವು, ಒಳಗೆ ಯಾರಿದ್ದಾರೆ ಉತ್ತರ ಕೊಡಲು? ಅವಳೇ ಓಡಿಹೋಗಿ ಹೊಸ್ತಿಲ ಮೇಲೆ ನಿಂತು 'ಹಾಡಿ' ಎಂದು ಕೂಗಿ, ಮತ್ತೆ ಓಡಿಬಂದು ದನಿ ಸೇರಿಸಿದಳು. ಅಳುತ್ತಿದ್ದಳು, ಶ್ರುತಿ ಮಾತ್ರ ಬಿಡಲಿಲ್ಲ. ಮಿಕ್ಕ ಮನೆಗಳಲ್ಲಿ ಒಂದೆಡೆ ಅಜ್ಜ, ಒಂದೆಡೆ ಹೆಂಡತಿ, ಮಾಸ್ತರ ಮನೆಯಲ್ಲಿ ಆರು ವರ್ಷದ ಮಗಳು ಅಪ್ಪಣೆ ಕೊಟ್ಟರು. ಆ ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು, 'ಹಾಡಿ, ಆದ್ರೆ ಬೇಗ, ಅಪ್ಪಂಗೆ ವಿಡಿಯೋ ಕಳಿಸ್ಬೇಕು' ಎಂದಳು. ಚೀಲದ ತುಂಬ ಕಡುಬು, ಸಾಸೇಜು, ಸೇಬು.

ಕೊನೆಯದು ನಮ್ಮ ಮನೆ. ಹೇಳಿದಂತೆಯೇ ಅತ್ತೆ ಚಿಲಕ ಹಾಕಿದ್ದರು. ಒಳಗೆ ಮೇಣದ ಬತ್ತಿಯ ಬೆಳಕು. ಹಾಡಬಹುದಾ ಎಂದು ಕೇಳಿದೆವು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆವು. ಹುಡುಗಿಯರು ನನ್ನ ಮುಖ ನೋಡಿದರು, ನಾನು ಗೇಟು ಹಿಡಿದುಕೊಂಡು ಕದಲಲಿಲ್ಲ. ಬೆಳತನಕ ನಿಲ್ಲಲೂ ತಯಾರಾಗಿದ್ದೆ. ಮೂರನೆಯ ಸಲಕ್ಕೆ ಚಿಲಕ ಸರಿಯಿತು. ಹೊರಗೆ ಬಂದವರು ನಿನ್ನ ಕುರಿತೊಗಲಿನ ಕೋಟು ಹಾಕಿಕೊಂಡು, ನಿನ್ನ ಟೊಪ್ಪಿಗೆ ಕಿವಿಯವರೆಗೆ ಎಳೆದುಕೊಂಡಿದ್ದರು. ಕೋಟಿನ ತೋಳು ಮೊಣಕಾಲು ಮುಟ್ಟುತ್ತಿತ್ತು. 'ಯಜಮಾನ ಬರೋ ತನಕ ಈ ಕೋಟೇ ಯಜಮಾನ. ನಿಂತು ನೋಡ್ತೀರೇನು? ಹಾಡಿ!' ಎಂದು ಗದರಿದರು. ನಾವು ಹಾಡಿದೆವು, ತಿಮಿಶ್. ಇಷ್ಟು ಜೋರಾಗಿ ಈ ಜನ್ಮದಲ್ಲಿ ಹಾಡಿಲ್ಲ. ಕೋಟು ಮೆಟ್ಟಿಲಿಳಿದು ಬಂದು ಎಲ್ಲರಿಗೂ ಹಬ್ಬದ ಸಿಹಿ ಕುತ್ಯಾ ಬಡಿಸಿತು, ಗೋಧಿಗೆ ಜೇನು ಕೊಂಚ ಜಾಸ್ತಿಯೇ ಬಿದ್ದಿತ್ತು.

ಅತ್ತೆ ನಿನ್ನ ಹಣೆಗೆ ಮೂರು ಮುತ್ತು ಕಳಿಸಿದ್ದಾರೆ. ಓರಿಸ್ಯಾ, ಪ್ರಿಸ್ಕಾ ಅಜ್ಜಿ ಕೇಳಿದರೆಂದು ತಿಳಿ. ಮೊಗೆನ್ಸನಿಗೆ ಒಂದು ಡಬ್ಬಿ ಜೇನು ಇಟ್ಟಿದ್ದೇನೆ, ಸೋತವನಿಗೆ ಸಮಾಧಾನಕ್ಕೆ. ದೇವರು ನಿನ್ನ ತಲೆ ಕಾಯಲಿ. ತಲೆಯನ್ನು ನೀನೂ ಸ್ವಲ್ಪ ತಗ್ಗಿಸಿಕೊಂಡಿರು.

ನಿನ್ನವಳು,
ಮೊತ್ರಿಯಾ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ, ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ): ಮನೇಲಿ ಒಂದು ಕುರಿಯೂ ಇಲ್ಲ, ಹಕ್ಕಿ ನಮಗೆ ಯಾವ ಮರಿ ತೋರಿಸುತ್ತೆ ಎಂದು ಪ್ರತಿ ವರ್ಷ ನಗುತ್ತಿದ್ದೆಯಲ್ಲ. ನೀನು ಅಕ್ಟೋಬರ್ ರಜೆಗೆ ಬಂದು ಹೋದೆಯಲ್ಲ, ಜುಲೈ ಮೊದಲ ವಾರ ಎಂದಿದ್ದಾರೆ ಡಾಕ್ಟರು. ಅತ್ತೆಗೂ ಇನ್ನೂ ಹೇಳಿಲ್ಲ, ಯಜಮಾನನಿಗೇ ಮೊದಲು ತಿಳಿಯಬೇಕು. ಹೊರಗೆ ಬಂದು ನೋಡು, ತಿಮಿಶ್.