ಎರಡನೆಯ ಕಂಬಳಿ

ತಿಕೋಟಾ, ವಿಜಾಪುರ ಜಿಲ್ಲೆ
ಶುಕ್ರವಾರ, 27-11-1964

ಪ್ರೀತಿಯ ಅಮೋಘಿಯವರಿಗೆ ನಿಮ್ಮ ಭೀಮಾ ಮಾಡುವ ನಮಸ್ಕಾರಗಳು.

ನೋಡಿ, ನಿಮ್ಮ ಹೆಸರು ಬರೆದೇ ಬಿಟ್ಟೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅತ್ತೆ ಕಲಿಸಿದ್ದಾರೆ. ಬರೆಯಬಾರದು ಎಂದು ಇನ್ನೂ ಹೇಳಿಲ್ಲ, ಹೇಳುವುದರೊಳಗೆ ಎಷ್ಟು ಸಲ ಆಗುತ್ತದೆಯೋ ಅಷ್ಟು ಸಲ ಬರೆದುಕೊಳ್ಳುತ್ತೇನೆ. ಆರೋಗ್ಯವಾಗಿದ್ದೀರಾ? ಉಣ್ಣೆ ಕತ್ತರಿಸುವಾಗ ಕೊಯ್ದುಕೊಂಡ ಹೆಬ್ಬೆರಳು ಮಾಯಿತೇ? ಆಸ್ಟ್ರೇಲಿಯಾದಲ್ಲಿ ಈಗ ಬೇಸಿಗೆ ಶುರುವಾಗಿರಬೇಕು. ಇಲ್ಲಿ ನಾವು ಬೆಳಗಿನ ಚಳಿಗೆ ಒಲೆಯ ಮುಂದಿನಿಂದ ಏಳುವುದಿಲ್ಲ. ನನ್ನ ಗಂಡ ಬೆವರುತ್ತಿರುವಾಗ ನಾನು ನಡುಗುತ್ತಿರುತ್ತೇನೆ ಎಂಬುದು ಸೊಲ್ಲಾಪುರದ ಶಾಲೆಯಲ್ಲಿ ಭೂಗೋಳದ ಮಿಸ್ ಗ್ಲೋಬ್ ತಿರುಗಿಸಿ ತೋರಿಸಿದಾಗ ನನಗೆ ಹೊಳೆದಿರಲಿಲ್ಲ. ಅತ್ತೆ, ಮಾವ ಇಬ್ಬರೂ ಕ್ಷೇಮ. ಅತ್ತೆಯ ಬಲಗೈ ಮಣಿಕಟ್ಟು ಮಾತ್ರ ಸ್ವಲ್ಪ ಬಾತಿದೆ. ಅದಕ್ಕೆ ನಾನೇ ಕಾರಣ, ಹೇಗೆಂದು ಈ ಪತ್ರದಲ್ಲಿ ಹೇಳಬೇಕಾಗಿದೆ. ಸುಖದ ಸಂಗತಿಗಳನ್ನು ಮೊದಲು ಬರೆದರೆ ಧೈರ್ಯ ಬಂದೀತು.

ದೀಪಾವಳಿಗೆ ನಿಮ್ಮ ಪೀಟರ್ ಬಂದರು. ನಿಮ್ಮ ಬದಲಿಗೆ ಧಾರವಾಡದ ಕಾಲೇಜಿಗೆ ಬಂದವರು, ಅವರ ಬದಲಿಗೆ ಅವರ ಮನೆಯ ಕೋಣೆಯಲ್ಲಿ ನೀವು ಮಲಗುತ್ತೀರಿ ಎಂದು ಅತ್ತೆಗೆ ವಿವರಿಸುವುದರಲ್ಲಿ ಅರ್ಧ ದಿನ ಹೋಯಿತು. ಕೊನೆಗೆ ಅವರಿಗೆ ಅರ್ಥವಾದದ್ದು ಇಷ್ಟೇ: ಹುಡುಗರನ್ನು ಅದಲುಬದಲು ಮಾಡಿದ್ದಾರೆ, ಹಾಗಾದರೆ ಇವನೂ ನಮ್ಮವನೇ. ಅಂದಿನಿಂದ ಪೀಟರ್‌ಗೆ ರೊಟ್ಟಿ ಸಾಕು ಎನ್ನುವ ಅಧಿಕಾರ ಇಲ್ಲವಾಯಿತು. ಮಾವ ಅವರನ್ನು ಭೂತನಾಳ ಕೆರೆಯ ಹತ್ತಿರ ಮೇಯುತ್ತಿದ್ದ ನಮ್ಮ ಹಿಂಡಿಗೆ ಕರೆದುಕೊಂಡು ಹೋದರು. ಆತ ಒಂದೊಂದೇ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಕಂಡು ಮಾವ ಅಂದದ್ದು ಊರೆಲ್ಲ ಸುತ್ತುತ್ತಿದೆ. "ನಮ್ಮ ಹುಡುಗ ಕುರಿ ಕಲಿಯಾಕ ಅಲ್ಲಿಗೆ ಹೋದ, ಇಂವಾ ಕುರಿ ಕಲಿಯಾಕ ಇಲ್ಲಿಗೆ ಬಂದ. ಇಬ್ಬರೂ ತಮ್ಮ ತಮ್ಮ ಮನ್ಯಾಗ ಕುಂತಿದ್ರ ಹಡಗಿನ ದಣಿವರೆ ತಪ್ಪತಿತ್ತು."

ಇಷ್ಟೇ ಸುಖದ ಸಂಗತಿ. ಇನ್ನು ಕಂಬಳಿ.

ಪಂಚಮಿಯ ಹೊತ್ತಿಗೆ ನಿಮ್ಮ ಮೊದಲ ಕಾಗದ ಬಂದಾಗ ಅದರಲ್ಲಿ ಎರಡು ಹಾಳೆಗಳಿದ್ದವು. ಮನೆಯವರಿಗೆಲ್ಲ ಕನ್ನಡದ ಹಾಳೆ, ನನಗೊಬ್ಬಳಿಗೆ ಇಂಗ್ಲಿಷಿನದು. ಇಡೀ ತಿಕೋಟಾದಲ್ಲಿ ನನ್ನೊಬ್ಬಳಿಗಾಗಿಯೇ ಬಂದ ಹಾಳೆ ಎಂದು ನಾನು ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ನೀರಿಗೆ ಹೋದೆ, ಬಾವಿಯ ಕಟ್ಟೆಯ ಮೇಲೆ ಕುಳಿತು ಓದಿದೆ. ಅದರಲ್ಲಿ ನೀವು ಬರೆದಿದ್ದಿರಿ: ಹಡಗು ಇಳಿದ ಕೂಡಲೇ ಅಧಿಕಾರಿಗಳು ಗಂಟು ಬಿಚ್ಚಿಸಿದರು. ಬೇರೆ ದೇಶದ ಹಸಿ ಉಣ್ಣೆಯಿಂದ ತಮ್ಮ ಕುರಿಗಳಿಗೆ ರೋಗ ಬರುತ್ತದೆಂದು ಅವ್ವ ಕೊಟ್ಟ ಕಂಬಳಿಯನ್ನು ಕಿತ್ತುಕೊಂಡು ಕುಲುಮೆಗೆ ಹಾಕಿದರು. ನಾನು ಮುಂದೆಯೇ ನಿಂತಿದ್ದೆ. ಅವ್ವನಿಗೆ ಹೇಳಬೇಡ.

ನಾನು ಹೇಳಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಆದರೆ ಅತ್ತೆ ಕಾಗದ ಓದಿಸಿಕೊಳ್ಳುವುದು ನಿಮಗೆ ಗೊತ್ತೇ ಇದೆ, ಕೈ ಒರೆಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ದೇವರ ಮುಂದೆ ಕುಳಿತ ಹಾಗೆ ಕುಳಿತು. ಓದು ಮುಗಿದ ಮೇಲೆ ಕೇಳಿದರು, "ಕಂಬಳಿ ಸುದ್ದೀನ ಬರದಿಲ್ಲಲ್ಲ ಬೇ?" ಆಗ ನನ್ನ ಬಾಯಿ ತಾನೇ ಓದತೊಡಗಿತು. ದಿನಾ ಅದನ್ನೇ ಹೊದ್ದು ಮಲಗುತ್ತಾರೆ ಎಂದೆ. ಅತ್ತೆಯ ಮುಖ ಅರಳಿತು. ಆ ಮುಖ ನೋಡಿ ಇನ್ನೊಂದು ಸಾಲು ಸೇರಿಸಿದೆ, ಕಾಲೇಜಿನ ಹುಡುಗರೆಲ್ಲ ಬಂದು ಮುಟ್ಟಿ ನೋಡಿ ಹೋಗುತ್ತಾರೆ ಎಂದು. ನಿಜ ಹೇಳಲೇ? ನನಗೆ ಖುಷಿಯಾಗಿತ್ತು. ಇಷ್ಟು ಚೆನ್ನಾಗಿ ಸುಳ್ಳು ಓದಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಮುಂದಿನ ಪ್ರತಿ ಕಾಗದದಲ್ಲೂ ಕಂಬಳಿಗೆ ಒಂದಿಷ್ಟು ಸುದ್ದಿ ಇರಲೇಬೇಕಾಯಿತು. ಪಕ್ಕದ ಮನೆಯ ರುದ್ರವ್ವ ಅದನ್ನು ಕೇಳುವುದಕ್ಕೆಂದೇ ಬಂದು ಕೂಡುತ್ತಿದ್ದಳು. ಒಮ್ಮೆ ಹಾಳೆಯತ್ತ ಬಗ್ಗಿ ನೋಡಿ, "ನಿನ್ನ ಮಗಾ ನಾಕ ಸಾಲ ಬರದಾನ, ನಿನ್ನ ಸೊಸಿ ನಲವತ್ತ ಓದತಾಳ ನೋಡ ಬೋರವ್ವ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೀಪಾವಳಿ ಪಾಡ್ಯದ ದಿನ ಪೀಟರ್ ತಮ್ಮ ಟ್ರಂಕಿನಿಂದ ಒಂದು ಬಿಳಿಯ ಬ್ಲ್ಯಾಂಕೆಟ್ಟು ತೆಗೆದರು. ಬೆಕ್ಕಿನ ಮರಿಯಷ್ಟು ಮೆತ್ತಗಿತ್ತು. ಅತ್ತೆಯ ಎದುರಿಗೆ ಮೊಣಕಾಲೂರಿ ಕುಳಿತು ಇಂಗ್ಲಿಷಿನಲ್ಲಿ ಹೇಳಿದರು: ನಮ್ಮ ಜನ ನಿಮ್ಮ ಕಂಬಳಿ ಸುಟ್ಟರು. ಅಮೋಘಿಯನ್ನು ಕರೆತರಲು ಬಂದರಿಗೆ ಹೋಗಿದ್ದ ನನ್ನ ತಾಯಿ ಅದನ್ನು ಕಣ್ಣಾರೆ ನೋಡಿದಳು. ನಾಚಿಕೆಯಾಗಿ ಇದನ್ನು ಕಳಿಸಿದ್ದಾಳೆ, ಕ್ಷಮಿಸಬೇಕು. ಹೇಳುವಾಗ ಆತನ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನ ಕಡೆ ತಿರುಗಿ, "ಏನಂತಾನ?" ಅಂದರು. ನಾನು ಹೇಳಿದೆ, "ಅವರ ತಾಯಿಗೆ ನಿಮ್ಮ ಕಂಬಳಿ ಬಹಳ ಸೇರಿತಂತ ಅತ್ತಿ. ಅದಕ್ಕ ಪ್ರೀತೀಲೆ ಇದನ್ನ ಕಳಿಸ್ಯಾರಂತ."

ಅತ್ತೆ ಬಿಳಿ ಬ್ಲ್ಯಾಂಕೆಟ್ಟನ್ನು ಕೆನ್ನೆಗೆ ಒತ್ತಿಕೊಂಡರು. ಅದನ್ನು ಮಡಿಚಿಡುತ್ತ, "ಆ ತಾಯಿ ಮನಸಿಗೆ ಬಂತಂದ್ರ ಆಕೀಗೂ ಒಂದ ಕಂಬಳಿ ಆಗಲಿ. ಈ ಹುಡುಗನ ಕೈಯಾಗ ಕಳಸೂಣ" ಅಂದರು.

ಪೀಟರ್ ತಮ್ಮ ಅವಧಿ ಮುಗಿಸಿ ಡಿಸೆಂಬರಿನಲ್ಲಿ ಮುಂಬಯಿಯಿಂದ ಅದೇ ಬಂದರಿಗೆ ಹೋಗಿ ಇಳಿಯುವವರು. ಅದೇ ಅಧಿಕಾರಿಗಳು, ಅದೇ ಕುಲುಮೆ. ಅತ್ತೆಯೋ ಬಬಲೇಶ್ವರದ ತವರಿನಿಂದ ಅಣ್ಣ ಕಳಿಸಿದ್ದ ಕರಿ ಮರಿಗಳ ಮೊದಲ ಉಣ್ಣೆಯನ್ನು ಹೊರಗೆ ತೆಗೆದರು. ಅದು ಅವರು ತಮ್ಮ ಮುಪ್ಪಿಗೆಂದು ಎತ್ತಿಟ್ಟುಕೊಂಡದ್ದು. ಎರಡು ವಾರ ದಿನವಿಡೀ ನೂತರು. ಮಾವ ಅದನ್ನು ಮಗ್ಗಕ್ಕೆ ಹಾಕಿ ನೇಯ್ದರು. ಹುಣಸೆ ಬೀಜ ಅರೆದು ಗಂಜಿ ಕಾಸಿ ಕೊಟ್ಟವಳು ನಾನೇ. ಸುಟ್ಟುಹೋಗಲಿರುವ ಕಂಬಳಿಗೆ ನನ್ನ ಕೈಯಿಂದಲೇ ಗಂಜಿ. ಅತ್ತೆಯ ಮಣಿಕಟ್ಟು ಬಾತು ನೂಲುವ ಕದರು ಜಾರಿ ಬಿದ್ದಾಗಲೆಲ್ಲ ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಮಗನ ಕಂಬಳಿ ಸುಟ್ಟಿತು ಎಂಬ ಮಾತು ನಿಮ್ಮವರಲ್ಲಿ ಎಷ್ಟು ದೊಡ್ಡ ಅಪಶಕುನ ಎಂಬುದು ನನಗೂ ಈಗ ಗೊತ್ತು. ಬಾಯಿ ತೆರೆಯುತ್ತಿರಲಿಲ್ಲ. ಪೀಟರ್ ಮಾತ್ರ ನೂಲುವ ಅತ್ತೆಯ ಪಕ್ಕದಲ್ಲಿ ಕುಳಿತು ಬೆರಳು ಮಡಿಚಿ ಕನ್ನಡದ ಒಂದು, ಎರಡು, ಮೂರು ಕಲಿಯುತ್ತಿದ್ದರು. ದಿನಕ್ಕೊಂದಿಷ್ಟು ಮಾತು ಕಲಿತರು, ಅವ್ವ, ಮಗ, ಕುರಿ, ವರ್ಷ. ಒಂದು ದಿನ ನನ್ನನ್ನು ಹಿತ್ತಲಿನಲ್ಲಿ ನಿಲ್ಲಿಸಿ, ಇದನ್ನೂ ಸುಡುತ್ತಾರೆಂದು ಆಕೆಗೆ ಹೇಳಿದ್ದೀಯಾ ಎಂದು ಕೇಳಿದರು. ಇನ್ನೆರಡು ದಿನ ಕೊಡಿ ಎಂದೆ. ಅವರು ಒಳಗೆ ಹೋಗಿ ಮತ್ತೆ ಅತ್ತೆಯ ಪಕ್ಕ ಕುಳಿತರು. ಬೈದಿದ್ದರೆ ಹಗುರಾಗುತ್ತಿತ್ತು.

ನಿನ್ನೆ ಕಂಬಳಿ ಮುಗಿಯಿತು. ಅತ್ತೆ ಅದನ್ನು ಪಡಸಾಲೆಯಲ್ಲಿ ಹಾಸಿ, ಅರಿಶಿನದ ಭಂಡಾರ ಹಚ್ಚಿ, ಕಾಯಿ ಒಡೆದರು. ಆಮೇಲೆ ನನ್ನನ್ನು ಕರೆದು ಅದರ ಮೇಲೆ ಕೂಡಿಸಿದರು. ನಿಮ್ಮ ಮನೆಯ ಪದ್ಧತಿ ನಿಮಗೆ ನಾನು ಹೇಳಬೇಕೇ? ಹಾಸಿದ ಕಂಬಳಿಯ ಮೇಲೆ ಕುಳಿತವರು ಸುಳ್ಳಾಡುವುದಿಲ್ಲ. ಅಣ್ಣತಮ್ಮಂದಿರ ಜಗಳವಿರಲಿ, ಹಿಂಡಿನ ಜಗಳವಿರಲಿ, ಇದೇ ಮನೆಯಲ್ಲಿ ಕಂಬಳಿ ಹಾಸಿಯೇ ಬಗೆಹರಿಸಿದ್ದನ್ನು ಮದುವೆಯಾದ ವಾರದಲ್ಲೇ ನೋಡಿದ್ದೇನೆ. ನನ್ನ ಕೈಗೆ ಹಾಳೆ, ಪೆನ್ನು ಕೊಟ್ಟರು. "ಪೀಟರನ ಅವ್ವಗ ನಿನ್ನ ಇಂಗ್ಲೀಷಿನಾಗ ಬರಿ ಭೀಮಾ. ನನ್ನ ಮಗನ ಕಂಬಳಿ ನಿನ್ನ ಮನಸಿಗೆ ಬಂತಂತ ಕೇಳಿ ಇದನ್ನ ಮಾಡೇನಿ ಅಂತ ಬರಿ."

ಡಿಯರ್ ಮೇಡಂ ಎಂದು ಬರೆದೆ. ಪೆನ್ನು ಮುಂದೆ ಹೋಗಲಿಲ್ಲ. ಓದಿ ಸುಳ್ಳು ಹೇಳುವುದು ಬಂದಿತ್ತು, ಆ ಕಂಬಳಿಯ ಮೇಲೆ ಕುಳಿತು ಬರೆಯುವುದು ಬರಲಿಲ್ಲ. ಅದೂ ಸುಟ್ಟದ್ದನ್ನು ಕಣ್ಣಾರೆ ಕಂಡ ಹೆಂಗಸಿಗೆ. ಪೀಟರ್ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದರು. "ಅತ್ತಿ, ಅವರ ಕಂಬಳಿ ಹೋದ ದಿನಾನ ಸುಟ್ಟಾರ್ರಿ" ಅಂದೆ. ಒಂದು ಸಲ ಬಾಯಿ ತೆರೆದ ಮೇಲೆ ಎಲ್ಲ ಬಂತು, ಬಾವಿಯ ಕಟ್ಟೆಯಿಂದ ಬಿಳಿ ಬ್ಲ್ಯಾಂಕೆಟ್ಟಿನವರೆಗೆ.

ಅತ್ತೆ ಕಂಬಳಿಯ ಅಂಚಿನಲ್ಲಿ ಎದ್ದ ಒಂದು ಎಳೆಯನ್ನು ಬೆರಳಿನಿಂದ ಕೂಡಿಸುತ್ತಿದ್ದರು. ಆಮೇಲೆ, "ಸುಡುವಾಗ ಅಂವಾ ಎಲ್ಲಿದ್ದ?" ಅಂದರು. ಮುಂದೆಯೇ ನಿಂತಿದ್ದರಂತೆ ಎಂದೆ. "ಅಂವಾ ಅತ್ತನೇನ?" ಬರೆದಿಲ್ಲ ಎಂದೆ. "ಬರದಿಲ್ಲಂದ್ರ ಅತ್ತಾನ" ಅಂದರು. ಮತ್ತೆ ನನ್ನ ಮುಖ ನೋಡಿ ಕೇಳಿದರು, "ಇನ್ನೇನರ ಐತೇನ ಬೇ?"

ಇತ್ತು. ನಿಮ್ಮ ಅಕ್ಟೋಬರಿನ ಇಂಗ್ಲಿಷ್ ಹಾಳೆ ನನ್ನ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗಿದೆ. ವರ್ಷದ ಅವಧಿ ಮುಗಿದ ಮೇಲೆ ಇನ್ನೂ ಎರಡು ವರ್ಷ ಅಲ್ಲೇ ಓದಲು ಒಪ್ಪಿಕೊಂಡಿದ್ದೇನೆ, ಡಿಸೆಂಬರ್ ಕೊನೆಗೆ ಕಾಗದಕ್ಕೆ ಸಹಿ ಮಾಡಬೇಕು, ಅವ್ವನಿಗೆ ಹಬ್ಬ ಕಳೆದ ಮೇಲೆ ನೀನೇ ಮೆಲ್ಲಗೆ ಹೇಳು ಎಂದಿದ್ದೀರಿ. ನಾನು ಹೇಳಲಿಲ್ಲ. ಕಂಬಳಿಯ ಮೇಲೆ ಕುಳಿತಿದ್ದೆ, ಇಲ್ಲ ಎಂದೂ ಅನ್ನಲಿಲ್ಲ. ತಲೆ ತಗ್ಗಿಸಿ ಕುಳಿತೆ. ಅತ್ತೆ ಮತ್ತೆ ಕೇಳದೆ ಎದ್ದು ಒಲೆಗೆ ಹೋದರು.

ಕಂಬಳಿಯನ್ನು ಕಳಿಸುವುದೇ ಸೈ ಎಂದಿದ್ದಾರೆ. ಉಗಿಯಲ್ಲಿ ಬೇಯಿಸಿ ಪಶುವೈದ್ಯರಿಂದ ಬರೆಸಿಕೊಂಡರೆ ಒಳಗೆ ಬಿಟ್ಟಾರು ಎಂದು ಪೀಟರ್ ಹೇಳಿದ್ದರಿಂದ ಇಂದು ಮಾವ, ಪೀಟರ್ ಇಬ್ಬರೂ ಮೊದಲ ಬಸ್ಸಿಗೆ ವಿಜಾಪುರದ ದನದ ದವಾಖಾನೆಗೆ ಹೋಗಿದ್ದಾರೆ. "ಸುಟ್ಟರ ಸುಡಲಿ. ಸುಡತಾರಂತ ಗೊತ್ತಿದ್ದ ಕಳಸೂಣ" ಎಂದರು ಅತ್ತೆ. ಡಿಯರ್ ಮೇಡಂ ಕಾಗದವನ್ನೂ ಆ ಮಾತಿನ ಮೇಲೆಯೇ ಬರೆದು ಮುಗಿಸಿದೆ.

ಇನ್ನು ನನ್ನ ಮಾತು. ನಾವು ಜೊತೆಗಿದ್ದದ್ದು ಇಪ್ಪತ್ತಾರು ದಿನ. ಅದರಲ್ಲಿ ನಾಲ್ಕು ದಿನ ನೀವು ಪಾಸ್‌ಪೋರ್ಟಿಗೆಂದು ಓಡಾಡಿದಿರಿ. ಉಳಿದ ಇಪ್ಪತ್ತೆರಡನ್ನೇ ಎಷ್ಟು ಸಲ ನೆನೆದುಕೊಳ್ಳಲಿ, ಮೂರು ವರ್ಷಕ್ಕೆ ಅವು ಸಾಲುವುದಿಲ್ಲ. ಒಪ್ಪಿಕೊಳ್ಳಲೇ ಎಂದು ಕೇಳಿ ಬರೆದಿದ್ದರೆ ನಾನು ಹೂಂ ಅನ್ನುತ್ತಿದ್ದೆನೇನೋ, ನೀವು ಓದುವುದು ನನಗೂ ಹೆಮ್ಮೆಯೇ. ನೀವು ಕೇಳಲಿಲ್ಲ, ಒಪ್ಪಿಕೊಂಡಿದ್ದೇನೆ ಎಂದು ತಿಳಿಸಿದಿರಿ. ಅದನ್ನೂ ಇಂಗ್ಲಿಷಿನಲ್ಲಿ. ನನಗೊಬ್ಬಳಿಗಾಗಿಯೇ ಬರುವ ಆ ಹಾಳೆಯನ್ನು ಎಷ್ಟು ಪ್ರೀತಿಸಿದ್ದೆ ಎಂದರೆ, ಈಗ ಲಕೋಟೆ ಬಿಚ್ಚಲು ಹೆದರಿಕೆ ಎಂದು ಬರೆಯುವುದಕ್ಕೆ ಕೈ ಬರುತ್ತಿಲ್ಲ. ಆದರೂ ಬರೆದಿದ್ದೇನೆ.

ಪೀಟರನ ತಾಯಿಗೆ ನನ್ನ ವಂದನೆ ತಿಳಿಸಿ, ಕಪ್ಪು ಕಂಬಳಿ ಬಂದರೂ ಬರದಿದ್ದರೂ ಬಿಳಿಯದು ಅತ್ತೆಯ ಮೈಮೇಲಿದೆ ಎಂದು ಹೇಳಿ. ಊಟ ಬಿಡಬೇಡಿ, ಹೆಬ್ಬೆರಳನ್ನು ಜೋಪಾನ ಮಾಡಿ.

ಇಂತಿ ನಿಮ್ಮವಳೇ ಆದ
ಭೀಮಾಬಾಯಿ

ತಾ.ಕ. ಅಂಚೆಯ ರಸೂಲಸಾಬರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚುವಾಗ ಅತ್ತೆ ಬಂದು, "ಎರಡ ವರ್ಷದ ಮಾತ ಬರದೀಯೇನ?" ಅಂದರು. ನಾನು ಹೇಳಿರಲಿಲ್ಲ. ತಾಯಿಯ ಕಾಗದದಿಂದ ಸುದ್ದಿ ತಿಳಿದಿದ್ದ ಪೀಟರ್ ವಾರದ ಹಿಂದೆಯೇ ನೂಲುವ ಜಾಗದಲ್ಲಿ ಕುಳಿತು ಎರಡು ಬೆರಳು ತೋರಿಸಿ, "ಅಮೋಘಿ, ಎರಡು ವರ್ಷ" ಎಂದಿದ್ದರಂತೆ. ನನಗೆ ಗೊತ್ತಿದೆ ಎಂಬುದೂ ಅತ್ತೆಗೆ ಗೊತ್ತಿತ್ತು. ನಿನ್ನೆ ಕಂಬಳಿಯ ಮೇಲೆ ಕೂಡಿಸಿ ಕೇಳಿದ್ದು ಅದಕ್ಕೇ. ನಾನು ಅಳತೊಡಗಿದಾಗ ನನ್ನ ತಲೆ ಸವರಿ ನಿಮಗೆ ಬರೆಯಲು ಹೇಳಿದ್ದು ಇದು: "ಬರೂದು ಬಿಡೂದು ನಿನಗ ಬಿಟ್ಟದ್ದು. ಹೇಳೂದಿದ್ರ ನನಗ ಕನ್ನಡದಾಗ ಬರಿ. ನನಗ ಓದಿ ಹೇಳೂ ಹುಡುಗಿ ಬಾಯಾಗ ಸುಳ್ಳ ಇಡಬ್ಯಾಡ ಯಪ್ಪಾ." ಅವರು ಹೇಳಿದಷ್ಟನ್ನೇ ಬರೆದಿದ್ದೇನೆ, ನನ್ನದೊಂದು ಅಕ್ಷರವನ್ನೂ ಕೂಡಿಸಿಲ್ಲ.