ರುದ್ರಾಂಬಜ್ಜಿ ಆರಿಸದೆ ಬಿಟ್ಟ ಒಂದು ಟ್ರಿಗರ್

ಸಂಡೂರು ಒಳಗೇರಿ,
ಫೆಬ್ರವರಿ 31, ಇಸವಿ 2417

ರುದ್ರಾಂಬಜ್ಜಿಯವರಿಗೆ ಮಾರೆವ್ವ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಸಿಗುವುದಿಲ್ಲ, ಹುಡುಕಬೇಡಿ. ಬೇಸಿಗೆ ಹಿಗ್ಗುತ್ತಾ ಹೋದಾಗ ಸರ್ಕಾರ ತಂಪಿನ ತಿಂಗಳುಗಳಿಗೆ ಕೆಲವು ದಿನ ಸೇರಿಸಿತು. ಅದರಿಂದ ಸೆಕೆಯೇನೂ ಕಡಿಮೆಯಾಗಲಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಇನ್ನೂ ಇಪ್ಪತ್ತಾರು ದಾಟದ ನಿಮ್ಮನ್ನು ಅಜ್ಜಿ ಎಂದದ್ದಕ್ಕೂ ಮುನಿಯಬೇಡಿ. ನಮ್ಮ ಓಣಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ನಿಮ್ಮನ್ನು ಕರೆಯುವುದೇ ಹಾಗೆ.

ನಾವಿರುವುದು ಗುಡ್ಡದ ಹೊಟ್ಟೆಯಲ್ಲಿ. ನಿಮ್ಮ ಕಾಲದವರು ಅದಿರಿಗಾಗಿ ಕೊರೆದ ಸುರಂಗಗಳೇ ನಮ್ಮ ಬೀದಿಗಳು. ಗೋಡೆಗಳೆಲ್ಲ ಕೆಂಪು, ಒಗೆದ ಬಟ್ಟೆಯೂ ಕೆಂಪು. ಜೋಳದ ರೊಟ್ಟಿ ಮಾತ್ರ ಬದಲಾಗಿಲ್ಲ. ಬದಲಾದದ್ದು ಮಾತು. ಮಗು ಹುಟ್ಟಿದ ವಾರದಲ್ಲೇ ಅದರ ಕಿವಿಯ ಹಿಂದೆ ಬದಲಿನಾಲಿಗೆ ಕೂರಿಸುತ್ತಾರೆ. ನಮ್ಮ ದನಿಯಲ್ಲೇ ನಮ್ಮ ಪರವಾಗಿ ಉತ್ತರ ಕೊಡುವ ಕಡಲೆಕಾಳಿನಷ್ಟು ಯಂತ್ರ ಅದು. ಯಾರಾದರೂ ಕ್ಷೇಮ ಕೇಳಿದರೆ ಅದು ಚೆನ್ನಾಗಿದ್ದೇನೆ ಎನ್ನುತ್ತದೆ, ಊಟ ಕೇಳಿದರೆ ಆಯ್ತು ಎನ್ನುತ್ತದೆ. ಅದನ್ನು ಹೊತ್ತಿಸಲು ಬರುತ್ತದೆ, ಆರಿಸಲು ಬರುವುದಿಲ್ಲ. ಆರಿಸುವ ಗುಂಡಿ ಇಡಬೇಕೆಂಬುದು ಅದನ್ನು ಮಾಡಿದ ಜಾಣರ ತಲೆಗೆ ಹೊಳೆಯಲೇ ಇಲ್ಲ.

ಅದಕ್ಕೇ ನಿಮ್ಮನ್ನು ಕಂಡರೆ ನನಗೆ ಅಷ್ಟು ಹೆಮ್ಮೆ. ನೀವೆಲ್ಲ ಕೂಡಿ ಆಡುತ್ತಿದ್ದ 'ಹಗೇವು' ಎಂಬ ಆಟ ಇಲ್ಲಿ ಇನ್ನೂ ಓಡುತ್ತಿದೆ. ಯಂತ್ರಗಳು ಎಷ್ಟೋ ಬದಲಾದವು, ಆಟ ಮಾತ್ರ ಒಂದರಿಂದ ಒಂದಕ್ಕೆ ದಾಟಿಕೊಂಡು ಬಂತು. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಕಾಳು ಕೂಡಿಡುವ ನೆಲದಡಿಯ ಕತ್ತಲ ಹಗೇವುಗಳೊಳಗೆ ಇಳಿದು, ಎದುರಾದದ್ದನ್ನು ಓದಿ, ಮಾಡಬೇಕಾದದ್ದನ್ನು ಟೈಪ್ ಮಾಡಬೇಕು. ಆಟದವರೆಲ್ಲ ಕೂತು ಹರಟುವ ಕಟ್ಟೆ ಎಂಬ ಜಾಗದಲ್ಲಿ ಆಡಿದ ಮಾತು ಅಳಿಯುವುದೂ ಇಲ್ಲ. ಪರದೆಯ ಮೇಲೆ ಇಂಥ ಸಾಲು ಕಂಡರೆ ಇಂಥ ಅಪ್ಪಣೆ ತಾನಾಗಿ ಹೋಗಲಿ ಎಂದು ನೀವು ಮೊದಲೇ ಬರೆದಿಡುತ್ತಿದ್ದಿರಿ, ಅದಕ್ಕೆ ಟ್ರಿಗರ್ ಎನ್ನುತ್ತಿದ್ದಿರಿ. ದೀಪ ಆರಿದರೆ ಹೊತ್ತಿಸುವುದಕ್ಕೊಂದು, ಗಾಯವಾದರೆ ಮದ್ದು ಹಚ್ಚುವುದಕ್ಕೊಂದು. ಕಾಳಗದ ಟ್ರಿಗರ್‌ಗಳದೇ ಒಂದು ಕಟ್ಟು, ದಾರಿಯವುಗಳದೇ ಒಂದು ಕಟ್ಟು. ಬೇಕಾದಾಗ ಒಂದೇ ಸಾಲಿನಲ್ಲಿ ಇಡೀ ಕಟ್ಟನ್ನು ಹೊತ್ತಿಸುತ್ತಿದ್ದಿರಿ, ಬೇಡವಾದಾಗ ಆರಿಸುತ್ತಿದ್ದಿರಿ. ಆರಿಸುತ್ತಿದ್ದಿರಿ, ಅಜ್ಜಿ! ನಮಗೆ ಇದು ಪವಾಡ.

ನಿಮ್ಮ ಗೆಳೆಯ ಭೀಮಲಿಂಗಪ್ಪನವರ ಜೊತೆ ನಡೆದ ಫಜೀತಿ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಯಾರಾದರೂ ಶರಣು ಎಂದರೆ 'ಶರಣು ಶರಣಾರ್ಥಿ' ಎಂದು ಉತ್ತರ ಹೋಗುವಂತೆ ನೀವಿಬ್ಬರೂ ಟ್ರಿಗರ್ ಇಟ್ಟಿರಿ. ಉತ್ತರದಲ್ಲೂ ಶರಣು ಇದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನೀವು ಊಟಕ್ಕೆ ಎದ್ದು ಹೋದಿರಿ, ಅವರು ಸಂತೆಗೆ ಹೋದರು. ಹಿಂತಿರುಗುವ ಹೊತ್ತಿಗೆ ಇಬ್ಬರ ಟ್ರಿಗರ್‌ಗಳು ಒಂದಕ್ಕೊಂದು ಶರಣು ಹೊಡೆದು ಹೊಡೆದು ಕಟ್ಟೆಯಲ್ಲಿ ಬೇರೆಯವರಿಗೆ ಮಾತಾಡಲು ಜಾಗವೇ ಇರಲಿಲ್ಲ. "ನಾವಿಲ್ದೇನೂ ನಮ್ ಮರ್ಯಾದಿ ಭಾರಿ ನಡದೈತಲ್ಲೋ!" ಎಂದು ನೀವು ನಕ್ಕಿರಿ. ಆ ದಿನವೇ ಕಟ್ಟಳೆ ಹಾಕಿದಿರಿ: ಕಟ್ಟೆಗೆ ಬರುವವರು ಎಲ್ಲ ಟ್ರಿಗರ್ ಆರಿಸಿ, 'ಬರಿಗೈ' ಎಂದು ಟೈಪ್ ಮಾಡಿಯೇ ಕೂರಬೇಕು. ಬರಿಗೈ ಎಂದರೆ ಇಲ್ಲಿರುವುದು ನಾನೇ, ನನ್ನ ಯಂತ್ರವಲ್ಲ ಎಂದು.

ಈಗ ನನ್ನ ಮಗಳು ಹೊನ್ನೂರಿಯ ವಿಷಯ. ಅವಳಿಗೆ ಒಂಬತ್ತು ವರ್ಷ. ಹೋದ ವರ್ಷ ಸುರಂಗ ಕುಸಿದು ಅವಳಪ್ಪ ತೀರಿಕೊಂಡ. ಅಂದಿನಿಂದ ಯಾರು ಏನೇ ಕೇಳಲಿ, ಚೆನ್ನಾಗಿದ್ದೇನೆ ಎಂಬ ಉತ್ತರ ಬರುತ್ತಿತ್ತು. ನಾನು ಪಾಳಿ ಮುಗಿಸಿ ಬಂದು "ಉಂಡ್ಯಾ ಕೂಸೇ?" ಎಂದರೆ "ಉಂಡೆ ಯವ್ವಾ" ಎಂಬ ಮುದ್ದು ದನಿ. ತಟ್ಟೆಯೂ ಖಾಲಿ ಇರುತ್ತಿತ್ತು. ಹುಡುಗಿ ಮಾತ್ರ ಕಡ್ಡಿಯಾಗುತ್ತಿದ್ದಳು. ನೆರೆಮನೆಯ ಕೋಳಿಗಳು ಯಾಕೆ ಅಷ್ಟು ಕೊಬ್ಬಿವೆ ಎಂದು ನನಗೆ ಹೊಳೆಯಲಿಲ್ಲ.

ಬದಲಿನಾಲಿಗೆಗೆ ನಿಮ್ಮ ಆಟ ಬರುವುದಿಲ್ಲ. ಅಲ್ಲಿ ಬೆರಳಿನಿಂದಲೇ ಮಾತಾಡಬೇಕು. ಒಂದು ಸಂಜೆ ಹೊನ್ನೂರಿ ಖಾಲಿ ಕಟ್ಟೆಗೆ ಹೋಗಿ "ಯಾರರ ಅದೀರೇನು?" ಎಂದು ಟೈಪ್ ಮಾಡಿದಳು. ನಾನು ಹಿಂದೆಯೇ ನಿಂತಿದ್ದೆ. ತಟ್ಟನೆ ಉತ್ತರ ಬಂತು:

ರುದ್ರಾಂಬ ಹೇಳುತ್ತಾಳೆ: "ಅದೀನಿ ಬಾರವ್ವಾ. ಕುಂದ್ರು. ಉಂಡಿಯೇನು?"

ಅದು ನಿಮ್ಮ ಟ್ರಿಗರ್, ಅಜ್ಜಿ. ನೀವು ಹೋಗಿ ನೂರಾರು ವರ್ಷವಾದ ಮೇಲೂ ಎಚ್ಚರವಾಗಿ ಕೂತಿತ್ತು. ಮಗಳು ಒಂದೊಂದೇ ಅಕ್ಷರ ಹುಡುಕಿ ಬರೆದಳು: "ಇಲ್ಲ. ರೊಟ್ಟಿ ಕೋಳಿಗೆ ಹಾಕ್ದೆ. ಅಪ್ಪ ಇಲ್ದೆ ಸೇರವಲ್ದು." ಒಂದು ವರ್ಷದ ನಂತರ ನನ್ನ ಮಗಳ ಸ್ವಂತ ಮಾತನ್ನು ನಾನು ಕಂಡದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡೆ. ಅವಳು ಮತ್ತೆ ಬರೆದಳು: "ಖರೇನೇ ಅದೀಯೇನು?" ಟ್ರಿಗರ್ ಸುಮ್ಮನಿತ್ತು. ಅದಕ್ಕೆ ನೀವು ಉತ್ತರ ಬರೆದಿಟ್ಟಿರಲಿಲ್ಲ. ನಾನು ಪಕ್ಕದ ಮಣೆಯ ಮೇಲೆ ಕೂತು ಟೈಪ್ ಮಾಡಿದೆ: "ಬರಿಗೈ. ನಾನು, ನಿನ್ ಅವ್ವ." ಅವಳು ಪರದೆ ಬಿಟ್ಟು ನನ್ನ ಮುಖ ನೋಡಿದಳು. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು. ಈಗಲೂ ಊಟಕ್ಕೆ ಮುಂಚೆ ಕಟ್ಟೆಯಲ್ಲಿ ಕೂತು ಮಾತಾಡುತ್ತೇವೆ.

ಈ ಕಾಗದ ನಿಮಗೆ ತಲುಪುವ ದಾರಿಯನ್ನು ವಿವರಿಸಲು ನನಗೆ ಬಾರದು. ತಲುಪಿದರೆ ಒಂದೇ ಬೇಡಿಕೆ. ಮುಂದೊಂದು ದಿನ ನೀವು ಆಟಕ್ಕೆ ವಿದಾಯ ಹೇಳಲು ಬಂದು, ಟ್ರಿಗರ್‌ಗಳನ್ನು ಒಂದೊಂದಾಗಿ ಆರಿಸಿ, 'ಉಂಡಿಯೇನು' ಎನ್ನುವ ಈ ಕೊನೆಯದರ ಮುಂದೆ ತಡೆದು ನಿಲ್ಲುತ್ತೀರಿ. ಭೀಮಲಿಂಗಪ್ಪನವರು "ಬರಿಗೈ ಅಂತ ಕಟ್ಟಳೆ ಮಾಡ್ದಾಕಿ ನೀನೇ. ಆರಿಸ್ಬಿಡು, ಇನ್ನ್ಯಾರ್ ಬರ್ತಾರ?" ಎನ್ನುತ್ತಾರೆ. ನೀವು ಅದನ್ನು ಉಳಿಸಿದ್ದು ನನಗೆ ಗೊತ್ತು. ಆದರೂ ಹೆತ್ತ ಕರುಳು, ಹೇಳದೆ ಇರಲಾರೆ. ಅವರು ಒಳ್ಳೆಯವರೇ, ಆದರೆ ಅವತ್ತು ಅವರ ಮಾತು ಕೇಳಬೇಡಿ. ಬಹಳ ಕಾಲ ಯಾರೂ ಬರುವುದಿಲ್ಲ. ಆಮೇಲೆ ಒಂದು ಮಗು ಬರುತ್ತದೆ. ಅದು ಉಂಡಿರುವುದಿಲ್ಲ.

ಬರಿಗೈ,
ಹೊನ್ನೂರಿಯ ತಾಯಿ ಮಾರೆವ್ವ